ರಾಜ್ಯೋತ್ಸವಕ್ಕೆ ಮೊದಲೇ ಚಳಿಗಾಲದ ಟೈರು ಹಾಕಿಸಿ

ಸೆಪ್ಟೆಂಬರ್ ತಿಂಗಳಲ್ಲಿ ಜರ್ಮನಿಯ ಟೈರು ಅಂಗಡಿಗೆ ಫೋನ್ ಮಾಡಿದರೆ ಬೇಕಾದ ದಿನ, ಬೇಕಾದ ಹೊತ್ತು ಸಿಗುತ್ತದೆ. ಅಕ್ಟೋಬರ್ ನಡುವಿಗೆ ಬಂದರೆ ಅದೇ ಅಂಗಡಿ ಇನ್ನೆರಡು ವಾರ ಬಿಟ್ಟು ಬನ್ನಿ ಎನ್ನುತ್ತದೆ. ಮೊದಲ ಹಿಮ ಬಿದ್ದ ಮರುದಿನವಂತೂ ಫೋನ್ ಎತ್ತುವವರೇ ಸಿಗುವುದು ಕಷ್ಟ. ವರ್ಷವರ್ಷವೂ ನಡೆಯುವ ಕಥೆ ಇದು. ಆದರೂ ವರ್ಷವರ್ಷವೂ ಒಂದಷ್ಟು ಮಂದಿ ಆ ಮರುದಿನವೇ ಫೋನ್ ಮಾಡುತ್ತಾರೆ. ಅವರಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಿಂದ ಹೋಗಿ ನೆಲೆಸಿದ ನಮ್ಮವರೂ ಇದ್ದಾರೆ. ಆಕಾಶ ಇನ್ನೂ ತಿಳಿಯಾಗಿರುವಾಗಲೇ ಈ ಎಚ್ಚರಿಕೆ ಬರೆಯುತ್ತಿರುವುದು ಅವರಿಗಾಗಿ.

ನಮ್ಮ ಮಾತು ಇಷ್ಟೆ: ಚಳಿಗಾಲದ ಟೈರಿನ ವಿಷಯದಲ್ಲಿ ಬೇಗ ಎನ್ನುವುದೇ ಅರ್ಧ ಸುರಕ್ಷತೆ. ತಡಮಾಡಿದವರು ಅವಸರದಲ್ಲಿ ಹಾಕುತ್ತಾರೆ. ಅವಸರದಲ್ಲಿ ಹಾಕಿದ ಚಕ್ರ ಹಿಮವಿಲ್ಲದ ರಸ್ತೆಯಲ್ಲೂ ಅಪಾಯವೇ.

ಮ್ಯೂನಿಕ್, ಸ್ಟುಟ್‌ಗಾರ್ಟ್, ಫ್ರಾಂಕ್‌ಫರ್ಟ್ ಕಡೆ ಕೆಲಸಕ್ಕೆ ಹೋದ ಕನ್ನಡಿಗ ಕಾರು ಓಡಿಸಲು ಹೆದರುವವನಲ್ಲ. ಸಿಲ್ಕ್ ಬೋರ್ಡ್ ದಾಟಿ, ಆಗುಂಬೆ, ಶಿರಾಡಿ ಇಳಿದು ಬಂದವನು. ಅವನಿಗೆ ಕಲಿಯಲು ಅವಕಾಶವೇ ಸಿಗದ ಸಂಗತಿ ಒಂದಿದೆ, ಅದು ಚಳಿ. ಯುರೋಪಿನಲ್ಲಿ ಬೇಸಿಗೆಯ ಟೈರಿಗೆ ಕಷ್ಟ ಶುರುವಾಗುತ್ತದೆ ಎನ್ನುವ ಅಂದಾಜು ಗೆರೆ 7 ಡಿಗ್ರಿ ಸೆಲ್ಸಿಯಸ್. ಬೆಂಗಳೂರಿನ ಹವಾಮಾನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ; ಅದು ದಾಖಲಾದದ್ದು 1884ರ ಜನವರಿಯಲ್ಲಿ. ಎಂದರೆ ಜರ್ಮನಿಯಲ್ಲಿ ಟೈರು ಬದಲಿಸಿ ಎಂದು ಹೇಳುವ ಚಳಿಯನ್ನು ಬೆಂಗಳೂರು ದಾಖಲೆಯಲ್ಲಿ ಒಮ್ಮೆಯೂ ಕಂಡಿಲ್ಲ. ಮ್ಯೂನಿಕ್‌ನಲ್ಲಿ ಅಕ್ಟೋಬರ್ ಕೊನೆಯ ಬೆಳಗುಗಳು ಆ ಗೆರೆಗಿಂತ ಕೆಳಗಿಳಿಯುವುದು ಮಾಮೂಲು.

ಪರವಾನಗಿಯ ವ್ಯವಸ್ಥೆಯೂ ಈ ಕೊರತೆಯನ್ನು ತುಂಬುವುದಿಲ್ಲ. ಜರ್ಮನಿಯಲ್ಲಿ ನೆಲೆಸಿದ ಮೇಲೆ ಭಾರತದ ಲೈಸೆನ್ಸಿನಲ್ಲಿ ಆರು ತಿಂಗಳು ಓಡಿಸಬಹುದು. ಆಮೇಲೆ ಲಿಖಿತ ಪರೀಕ್ಷೆ, ರಸ್ತೆಯ ಪರೀಕ್ಷೆ ಎರಡರಲ್ಲೂ ಪಾಸಾಗಿ ಅಲ್ಲಿನ ಲೈಸೆನ್ಸ್ ಪಡೆಯಬೇಕು. ಜೂನ್‌ನಲ್ಲಿ ಪರೀಕ್ಷೆ ಪಾಸಾದವರು ಹಿಮದ ಮೇಲೆ ಒಮ್ಮೆಯೂ ಬ್ರೇಕ್ ಒತ್ತದೆ ಡಿಸೆಂಬರ್ ಹೆದ್ದಾರಿಗೆ ಇಳಿಯುತ್ತಾರೆ. ಏಪ್ರಿಲ್‌ನಲ್ಲಿ ಹಳೆಯ ಕಾರು ಕೊಂಡವರು ಅದಕ್ಕೆ ಯಾವ ಟೈರು ಹಾಕಿದೆ ಎಂದು ನೋಡಿಯೇ ಇರುವುದಿಲ್ಲ.

ಇದಕ್ಕೆ ಕಾನೂನು ಏನು ಹೇಳುತ್ತದೆ ಎಂದು ಕೇಳುವವರೇ ಹೆಚ್ಚು. ಜರ್ಮನಿಯ ಸಂಚಾರ ನಿಯಮದಲ್ಲಿ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಎಂಬ ಮಾತಿಲ್ಲ. ರಸ್ತೆಯಲ್ಲಿ ಮಂಜುಗಡ್ಡೆ, ಗಟ್ಟಿಯಾದ ಹಿಮ, ಕರಗಿದ ಹಿಮದ ಕೆಸರು ಅಥವಾ ಇಬ್ಬನಿ ಹೆಪ್ಪುಗಟ್ಟಿದ ಜಾರಿಕೆ ಇದ್ದಾಗ ಚಳಿಗಾಲದ ಟೈರಿಲ್ಲದೆ ಓಡಿಸಬಾರದು ಎನ್ನುತ್ತದೆ, ಅಷ್ಟೇ. ತಪ್ಪಿದರೆ 60 ಯೂರೋ ದಂಡ, ಫ್ಲೆನ್ಸ್‌ಬುರ್ಗ್‌ನಲ್ಲಿರುವ ಚಾಲಕರ ದಾಖಲೆಯಲ್ಲಿ ಒಂದು ಅಂಕ. ನಿಮ್ಮ ಕಾರಿನಿಂದ ಇತರರ ಓಡಾಟಕ್ಕೆ ಅಡ್ಡಿಯಾದರೆ ದಂಡ 80 ಯೂರೋ. ಓಡಿಸಲು ಬಿಟ್ಟ ಮಾಲೀಕರಿಗೆ 75 ಯೂರೋ, ಅವರಿಗೂ ಒಂದು ಅಂಕ. ಎಂಟು ಅಂಕ ಸೇರಿದರೆ ಲೈಸೆನ್ಸ್ ಹೋಗುತ್ತದೆ.

ಈ ನಿಯಮದಲ್ಲಿ ತರ್ಕವಿದೆ. ರೈನ್ ನದಿಯ ಬಯಲಿಗೂ ಆಲ್ಪ್ಸ್ ತಪ್ಪಲಿಗೂ ಒಂದೇ ತಾರೀಖು ಹೊಂದುವುದಿಲ್ಲ. ಅಲ್ಲೇ ಹುಟ್ಟಿ ಬೆಳೆದವರಿಗೆ ತಾರೀಖು ಬೇಕಾಗಿಯೂ ಇಲ್ಲ. ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ ಎಂಬುದು ಮನೆಮನೆಯ ರೂಢಿ. ಹೊಸಬರಿಗೆ ಆ ರೂಢಿ ಗೊತ್ತಿಲ್ಲ, ಓದಲು ಸಿಗುವುದು ಕಾನೂನು ಮಾತ್ರ. ಹಿಮ ಬಿದ್ದಾಗ ತಾನೇ ಕಡ್ಡಾಯ, ಬೀಳಲಿ ನೋಡೋಣ ಎಂದು ಅವರು ಲೆಕ್ಕ ಹಾಕುತ್ತಾರೆ. ಹಿಮ ಬಿದ್ದ ದಿನ ಟೈರು ಅಂಗಡಿಗೆ ಹೋಗಬೇಕಾದ್ದೂ ಬೇಸಿಗೆಯ ಟೈರಿನಲ್ಲೇ ಎಂಬುದು ಆಗ ಹೊಳೆಯುತ್ತದೆ. ದಂಡ ಯಾವಾಗ ಬೀಳುತ್ತದೆ ಎಂಬುದನ್ನಷ್ಟೇ ಕಾನೂನು ಹೇಳುತ್ತದೆ. ಕಾರು ಯಾವಾಗ ನಿಲ್ಲುವುದಿಲ್ಲ ಎಂಬುದನ್ನು ಹೇಳುವುದು ರಬ್ಬರು.

ಪ್ರತಿ ಟೈರು ನೆಲವನ್ನು ಮುಟ್ಟುವುದು ಸುಮಾರು ಒಂದು ಅಂಗೈಯಷ್ಟು ಜಾಗದಲ್ಲಿ. ಒಂದೂವರೆ ಟನ್ನಿನ ಕಾರನ್ನು, ಅದರೊಳಗಿನ ಸಂಸಾರವನ್ನು ಆ ನಾಲ್ಕು ಅಂಗೈಗಳೇ ಹಿಡಿದು ನಿಲ್ಲಿಸಬೇಕು. ಬೇಸಿಗೆಯ ಟೈರಿನ ರಬ್ಬರು ಬಿಸಿ ರಸ್ತೆಯಲ್ಲಿ ಹದ ತಪ್ಪದಂತೆ ಮಾಡಿದ್ದು. ಚಳಿಗೆ ಅದು ಬಿರುಸಾಗುತ್ತದೆ, ರಸ್ತೆಯ ತರಿಗಳಿಗೆ ಒಗ್ಗಿ ಕೂರುವುದಿಲ್ಲ. ಚಳಿಗಾಲದ ಟೈರಿನ ಮಿಶ್ರಣವೇ ಬೇರೆ, ಸೊನ್ನೆಗಿಂತ ಕೆಳಗೂ ಅದು ಮೆದುವಾಗಿ ಉಳಿಯುತ್ತದೆ. ಅದರ ಗುಂಡಿಗಳ ಮೇಲೆ ಚಾಕುವಿನಿಂದ ಕೊಯ್ದಂಥ ನೂರಾರು ಸಣ್ಣ ಸೀಳುಗಳಿರುತ್ತವೆ. ಕಾರು ಚಲಿಸುವಾಗ ಅವು ಬಾಯಿ ತೆರೆದು ಹಿಮವನ್ನು ಕಚ್ಚುತ್ತವೆ. ಫಿನ್ಲೆಂಡಿನ ಇಂದಿನ ನೋಕಿಯನ್ ಕಂಪನಿಯ ಪೂರ್ವಿಕರು 1934ರಲ್ಲಿ ಟ್ರಕ್ಕಿಗೆ, 1936ರಲ್ಲಿ ಕಾರಿಗೆ ಹಿಮದ ಟೈರು ಮಾಡಿದ ಕಾಲದಿಂದಲೂ ಕೆಲಸ ಇದೇ, ಹಿಮವನ್ನು ಕಚ್ಚಿ ಹಿಡಿಯುವುದು.

ಆ 7 ಡಿಗ್ರಿಯನ್ನು ಲಕ್ಷ್ಮಣರೇಖೆ ಎಂದು ತಿಳಿಯಬೇಕಾಗಿಲ್ಲ. ಒಣಗಿದ ರಸ್ತೆಯಲ್ಲಿ 5 ಡಿಗ್ರಿಯಿದ್ದರೆ ಒಳ್ಳೆಯ ಬೇಸಿಗೆ ಟೈರು ಚೆನ್ನಾಗಿಯೇ ನಿಲ್ಲಿಸುತ್ತದೆ. ಹಿಮದ ಮೇಲೆ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. ಬೇಸಿಗೆಯ ಟೈರಿನಲ್ಲಿ ಕಾರು ನಿಲ್ಲಲು ಹೆಚ್ಚುಕಡಿಮೆ ಎರಡು ಪಟ್ಟು ದೂರ ಬೇಕು. ಒಣ ರಸ್ತೆ, ಹಿಮದ ರಸ್ತೆ ಎರಡೂ ಒಂದೇ ಬೆಳಗಿನ ಪಯಣದಲ್ಲಿ ಎದುರಾಗಬಹುದು ಎಂಬುದು ತೊಡಕು. ಊರೊಳಗೆ ರಸ್ತೆ ಒಣಗಿರುತ್ತದೆ. ಕಾಡಿನ ನೆರಳಿನ ತಿರುವಿನಲ್ಲಿ, ಗಾಳಿ ಬೀಸುವ ಸೇತುವೆಯ ಮೇಲೆ ಇಬ್ಬನಿ ಕಣ್ಣಿಗೆ ಕಾಣದ ಗಡ್ಡೆಯಾಗಿರುತ್ತದೆ.

ಹಿಮ ಡಿಸೆಂಬರ್ ಕೊನೆಗೆ ಬರುತ್ತದೆ, ಅದೂ ಬೆಟ್ಟದ ಕಡೆಗೆ ಎಂಬ ನಂಬಿಕೆಯೂ ಸರಿಯಲ್ಲ. 2005ರ ನವೆಂಬರ್ 25ರಂದು ಹಿಮ ಸುರಿದದ್ದು ವಾಯವ್ಯ ಜರ್ಮನಿಯ ಮುನ್‌ಸ್ಟರ್ ಸುತ್ತಲಿನ ತಗ್ಗು ನೆಲದಲ್ಲಿ. ವಿದ್ಯುತ್ ಗೋಪುರಗಳು ಮುರಿದು ಬಿದ್ದು ಸುಮಾರು ಎರಡೂವರೆ ಲಕ್ಷ ಜನ ಕತ್ತಲೆಯಲ್ಲಿದ್ದರು. 2023ರ ಡಿಸೆಂಬರ್ ಎರಡನೇ ತಾರೀಖಿಗೇ ಮ್ಯೂನಿಕ್ ವಿಮಾನ ನಿಲ್ದಾಣವನ್ನು ಹಿಮದಿಂದಾಗಿ ಮುಚ್ಚಬೇಕಾಯಿತು. ಎರಡೂ ಸಲ ಕ್ರಿಸ್‌ಮಸ್ ಇನ್ನೂ ಮೂರ್ನಾಲ್ಕು ವಾರ ದೂರವಿತ್ತು.

ಹಾಗಾದರೆ ಗಡುವು ಯಾವುದು? ಕನ್ನಡಿಗರಿಗೆ ನೆನಪಿಡಲು ಕಷ್ಟವೇ ಇಲ್ಲದ ದಿನ ಒಂದಿದೆ. ಆಸ್ಟ್ರಿಯಾದ ಚಳಿಗಾಲದ ಟೈರು ನಿಯಮ ಶುರುವಾಗುವುದು ನವೆಂಬರ್ 1ರಂದು. ಜೆಕ್ ದೇಶದಲ್ಲಿ, ಫಿನ್ಲೆಂಡಿನಲ್ಲಿ, ಫ್ರಾನ್ಸಿನ ಗುರುತು ಮಾಡಿದ ಗುಡ್ಡಗಾಡು ಊರುಗಳಲ್ಲಿಯೂ ಅದೇ ದಿನ. ಸ್ವೀಡನ್ ಮತ್ತು ಕೆನಡಾದ ಕ್ಯೂಬೆಕ್‌ನಲ್ಲಿ ಡಿಸೆಂಬರ್ 1. ಷರತ್ತುಗಳು ದೇಶದಿಂದ ದೇಶಕ್ಕೆ ಬೇರೆಯಾದರೂ ನವೆಂಬರ್ 1ರ ಹೊತ್ತಿಗೆ ಟೈರು ಬದಲಿಸಿದವರು ಈ ಪೈಕಿ ಎಲ್ಲೂ ತಡವಾದವರಲ್ಲ. ಧ್ವಜ ಏರಿಸುವ ದಿನಕ್ಕೆ ಕಾರಿಗೆ ಚಳಿಗಾಲದ ಟೈರು ಬಂದಿರಲಿ.

ಮೊದಲ ಕೆಲಸ ನೆಲಮಾಳಿಗೆಯಲ್ಲಿದೆ. ಹಳೆಯ ಕಾರು ಕೊಳ್ಳುವಾಗ ಎರಡು ಜೊತೆ ಟೈರೂ ಸೇರಿದೆ ಎಂದು ಮಾರುವವರು ಹೇಳಿರುತ್ತಾರೆ. ಕೊಂಡವರು ಖುಷಿಯಿಂದ ಎರಡನೇ ಜೊತೆಯನ್ನು ಮೂಲೆಗಿಟ್ಟು ಮರೆತಿರುತ್ತಾರೆ. ಅದನ್ನು ಈಗಲೇ ಬೆಳಕಿಗೆ ತಂದು ಮೂರು ಸಂಗತಿ ನೋಡಿ. ಒಂದು, ಟೈರಿನ ಪಕ್ಕೆಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು. ಬರೀ ಎಂ+ಎಸ್ ಎಂದು ಬರೆದ ಹಳೆಯ ಟೈರಿಗೆ ಜರ್ಮನಿಯಲ್ಲಿದ್ದ ರಿಯಾಯಿತಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ. ಬೆಟ್ಟದ ಗುರುತಿಲ್ಲದಿದ್ದರೆ ಕಾನೂನಿನ ಕಣ್ಣಿನಲ್ಲಿ ಅದು ಚಳಿಗಾಲದ ಟೈರೇ ಅಲ್ಲ.

ಎರಡು, ವಯಸ್ಸು. ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 4217 ಎಂದಿದ್ದರೆ 2017ರ 42ನೇ ವಾರ. ವರ್ಷ ಕಳೆದಂತೆ ರಬ್ಬರು ತಾನಾಗಿಯೇ ಗಟ್ಟಿಯಾಗುತ್ತದೆ. ಹತ್ತು ವರ್ಷದ ಟೈರು ನೋಡಲು ಹೊಸದರಂತಿದ್ದರೂ ಹಿಮದ ಕೆಲಸಕ್ಕೆ ಬಾರದು.

ಮೂರು, ಸವೆತ. ಕಾನೂನು ಕೇಳುವುದು 1.6 ಮಿಲಿಮೀಟರ್ ಆಳ. ಹಿಮದಲ್ಲಿ ಕೆಲಸ ಮಾಡಬೇಕಾದರೆ 4 ಮಿಲಿಮೀಟರ್ ಬೇಕು. ಎರಡು ಯೂರೋ ನಾಣ್ಯವನ್ನು ಗ್ರಿಪ್ಪಿನ ತೋಡಿಗೆ ಇಳಿಸಿ. ನಾಣ್ಯದ ಬೆಳ್ಳಿ ಬಣ್ಣದ ಅಂಚು ಪೂರ್ತಿ ಮುಳುಗಿದರೆ ಸುಮಾರು 4 ಮಿಲಿಮೀಟರ್ ಇದೆ ಎಂದರ್ಥ. ಈ ಲೆಕ್ಕ ಗಡಿಯಲ್ಲಿ ದುಬಾರಿಯಾಗುತ್ತದೆ. ಆಸ್ಟ್ರಿಯಾದಲ್ಲಿ 4 ಮಿಲಿಮೀಟರ್‌ಗಿಂತ ಸವೆದದ್ದನ್ನು ಚಳಿಗಾಲದ ಟೈರು ಎಂದು ಒಪ್ಪುವುದಿಲ್ಲ. ಮ್ಯೂನಿಕ್‌ನಲ್ಲಿ ನಡೆಯುವ 3 ಮಿಲಿಮೀಟರ್ ಟೈರು ಒಂದೂವರೆ ಗಂಟೆ ದೂರದ ಸಾಲ್ಜ್‌ಬರ್ಗ್‌ನಲ್ಲಿ, ಹಿಮವಿರುವ ದಿನ, ನಡೆಯುವುದಿಲ್ಲ. ಆಸ್ಟ್ರಿಯಾದ ಹೆದ್ದಾರಿ ಸುಂಕದ ಚೀಟಿಯನ್ನು ಮರೆಯದೆ ಕೊಳ್ಳುವವರು ಟೈರಿನ ಆಳವನ್ನು ಅಳೆಯುವುದೇ ಇಲ್ಲ.

ಇಲ್ಲಿಂದ ಮುಂದಿನದು ಹಾಕುವ ಕೆಲಸ. ನಮ್ಮೂರಲ್ಲಿ ಚಕ್ರ ಬಿಚ್ಚುವುದು ಎಂದರೆ ಪಂಕ್ಚರ್ ಅಂಗಡಿ. ಜಾಕು ಅವನದು, ಸ್ಪ್ಯಾನರ್ ಅವನದು, ಜವಾಬ್ದಾರಿಯೂ ಅವನದೇ. ಜರ್ಮನಿಯಲ್ಲಿ ಕೂಲಿ ದುಬಾರಿ, ತಾನೇ ಮಾಡಿಕೊಳ್ಳುವುದು ಊರ ವಾಡಿಕೆ. ನೆರೆಮನೆಯವರು ಶನಿವಾರ ಅಂಗಳದಲ್ಲಿ ಅರ್ಧ ಗಂಟೆಯಲ್ಲಿ ಮುಗಿಸುವುದನ್ನು ನೋಡಿದವರಿಗೆ ತಾನೂ ಮಾಡಿದರಾಯಿತು ಅನ್ನಿಸುತ್ತದೆ. ನೆರೆಯವರು ಅದನ್ನು ಮೂವತ್ತು ವರ್ಷದಿಂದ ಮಾಡುತ್ತಿರಬಹುದು ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಹಾಕುವ ಕೆಲಸದಲ್ಲಿ ಎರಡು ಬಗೆಯಿದೆ. ಒಂದೇ ರಿಮ್ಮಿನಿಂದ ಬೇಸಿಗೆಯ ಟೈರು ಕಳಚಿ ಚಳಿಗಾಲದ ಟೈರು ಏರಿಸುವುದು ಮೊದಲನೆಯದು. ಅದಕ್ಕೆ ಯಂತ್ರ ಬೇಕು, ಬ್ಯಾಲೆನ್ಸಿಂಗ್ ಮಾಡಬೇಕು. ಅದನ್ನು ಮನೆಯಲ್ಲಿ ಯೋಚಿಸಲೇ ಬಾರದು. ಎರಡನೆಯದು ಬೇರೆ ರಿಮ್ಮಿನ ಮೇಲೆ ಮೊದಲೇ ಕೂರಿಸಿಟ್ಟ ಚಳಿಗಾಲದ ಚಕ್ರವನ್ನು ಇಡಿಯಾಗಿ ಬದಲಿಸುವುದು. ಮನೆಯಲ್ಲಿ ಮಾಡಬಹುದಾದದ್ದು ಇದು ಮಾತ್ರ. ಅದೂ ಹಗಲಿನಲ್ಲಿ, ಒಣ ದಿನದಲ್ಲಿ, ಬಿಡುವು ಇಟ್ಟುಕೊಂಡು. ನವೆಂಬರ್ ಕೊನೆಯ ಸಂಜೆ ಐದಕ್ಕೇ ಕತ್ತಲು; ಬೆರಳು ಮರಗಟ್ಟಿರುತ್ತದೆ, ಮರುದಿನ ಬೆಳಿಗ್ಗೆ ಆಫೀಸಿದೆ. ಆಗ ಮೊಬೈಲ್ ಬೆಳಕಿನಲ್ಲಿ ಕೂತವರು ಯಾವ ಹಂತವನ್ನಾದರೂ ಬಿಟ್ಟೇಬಿಡುತ್ತಾರೆ. ತಡವಾದದ್ದು ಅಪಾಯವಾಗುವುದು ಹೀಗೆ.

ಮೊದಲು ಜಾಗ. ಗಟ್ಟಿಯಾದ, ಸಮತಟ್ಟಾದ ನೆಲ ಬೇಕು. ಇಳಿಜಾರು, ಹುಲ್ಲು, ಜಲ್ಲಿ ಬೇಡ. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸಿ. ಆಟೋಮ್ಯಾಟಿಕ್ ಆದರೆ ಪಾರ್ಕಿಂಗ್ ಸ್ಥಾನದಲ್ಲಿಡಿ. ಎತ್ತದ ಬದಿಯ ಚಕ್ರಕ್ಕೆ ಹಿಂದೆಮುಂದೆ ಅಡ್ಡ ಕೊಡಿ. ಕಾರಿನೊಳಗೆ ಯಾರೂ ಇರಬಾರದು, ಮಲಗಿದ ಮಗುವೂ ಕೂಡ. ಬೋಲ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ತುಸು ಸಡಿಲಿಸಬೇಕು. ಕಾರನ್ನು ಎತ್ತಿದ ಮೇಲೆ ಜೋರು ಹಾಕಿದರೆ ಜಾಕು ಜಾರುತ್ತದೆ. ಕಳ್ಳರ ಕೈಗೆ ಸಿಗದಂತೆ ಕೆಲವು ಚಕ್ರಗಳಿಗೆ ಬೀಗದ ಬೋಲ್ಟು ಹಾಕಿರುತ್ತಾರೆ. ಅದರ ಕೀಲಿ ಎಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ.

ಅಲ್ಲಿನ ಎಷ್ಟೋ ಹೊಸ ಕಾರುಗಳಲ್ಲಿ ಸ್ಟೆಪ್ನಿಯೂ ಇಲ್ಲ, ಜಾಕೂ ಇಲ್ಲ. ಪಂಕ್ಚರ್ ಮುಚ್ಚುವ ದ್ರವದ ಡಬ್ಬಿ, ಗಾಳಿ ತುಂಬುವ ಪುಟ್ಟ ಪಂಪು ಮಾತ್ರ ಇರುತ್ತವೆ. ಜಾಕನ್ನು ಹೊರಗೆ ಕೊಳ್ಳುವುದಾದರೆ ನಿಮ್ಮ ಕಾರಿನ ತೂಕಕ್ಕೆ ತಕ್ಕದ್ದನ್ನು ಕೊಳ್ಳಿ. ಎಲೆಕ್ಟ್ರಿಕ್ ಕಾರು ಕಾಣುವುದಕ್ಕಿಂತ ಭಾರ, ಅದರ ಹೊಟ್ಟೆಯಡಿ ಬ್ಯಾಟರಿ ಇರುತ್ತದೆ. ಜಾಕು ಕೊಡಬೇಕಾದ ಜಾಗವನ್ನು ಕಾರಿನ ಕೈಪಿಡಿಯಲ್ಲಿ ನೋಡಿಯೇ ಕೊಡಬೇಕು. ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನಡಿ ಮಲಗಿಸಿಡಿ. ಜಾಕು ಕೈಕೊಟ್ಟರೆ ಕಾರು ಅದರ ಮೇಲೆ ಕೂರುತ್ತದೆ. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಕೈ, ಕಾಲು, ತಲೆ ಯಾವುದೂ ಹೋಗಬಾರದು. ಒಂದು ಸಲಕ್ಕೆ ಒಂದೇ ಚಕ್ರ.

ಚಕ್ರ ಕಳಚಿದ ಮೇಲೆ ಹೆಚ್ಚಿನವರು ಮಾಡದ ಕೆಲಸ ಬರುತ್ತದೆ. ಚಕ್ರ ಹೋಗಿ ಕೂರುವ ಹಬ್ಬಿನ ಮುಖವನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತುಕ್ಕು ತೆಗೆಯಬೇಕು, ರಿಮ್ಮಿನ ಒಳಮುಖವನ್ನೂ ಒರೆಸಬೇಕು. ಬೋಲ್ಟು ಮಾಡುವ ಕೆಲಸ ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುವುದು. ಭಾರ ಹೊರುವುದು ಆ ಎರಡು ಮುಖಗಳ ನಡುವಿನ ಹಿಡಿತ. ನಡುವೆ ತುಕ್ಕು, ಮಣ್ಣು ಉಳಿದರೆ ಓಡುತ್ತಾ ಓಡುತ್ತಾ ಅದು ಪುಡಿಯಾಗಿ ಉದುರುತ್ತದೆ, ಆ ದಪ್ಪದಷ್ಟು ಬಿಗಿ ಸಡಿಲವಾಗುತ್ತದೆ. ಬೋಲ್ಟಿನ ಮರೆಗೆ ಎಣ್ಣೆ, ಗ್ರೀಸು ಹಚ್ಚಬೇಡಿ. ಜಾರುವ ಮರೆಯಲ್ಲಿ ಅದೇ ಟಾರ್ಕಿಗೆ ಬೋಲ್ಟು ಲೆಕ್ಕಕ್ಕಿಂತ ಹೆಚ್ಚು ಎಳೆದುಕೊಳ್ಳುತ್ತದೆ.

ಬೋಲ್ಟು ಸರಿಯಾದದ್ದೇ ಎಂದೂ ನೋಡಬೇಕು. ಬೇಸಿಗೆಗೆ ಅಲಾಯ್ ರಿಮ್, ಚಳಿಗಾಲಕ್ಕೆ ಕಬ್ಬಿಣದ ರಿಮ್ ಇಟ್ಟುಕೊಳ್ಳುವವರು ಬಹಳ. ಎರಡಕ್ಕೂ ಬೋಲ್ಟಿನ ಉದ್ದ, ತಲೆಯಡಿಯ ಆಕಾರ ಬೇರೆಯಿರಬಹುದು. ಉದ್ದದ ಬೋಲ್ಟು ಒಳಗೆ ಬ್ರೇಕಿನ ಭಾಗಕ್ಕೆ ತಾಗುತ್ತದೆ, ಗಿಡ್ಡ ಬೋಲ್ಟು ನಾಲ್ಕು ಸುತ್ತಿನ ಮೇಲೆ ಚಕ್ರವನ್ನು ನೇತುಹಾಕುತ್ತದೆ. ಎಲ್ಲ ಬೋಲ್ಟನ್ನೂ ಮೊದಲು ಕೈಯಿಂದಲೇ ತಿರುಗಿಸಿ. ಆರೇಳು ಸುತ್ತಿಗೆ ಮೊದಲೇ ಬಿಗಿದುಕೊಂಡರೆ ಅಲ್ಲೇ ನಿಲ್ಲಿಸಿ, ಬೋಲ್ಟು ತಪ್ಪಿದೆ. ಆಮೇಲೆ ಒಂದರ ಪಕ್ಕ ಒಂದಲ್ಲದೆ ಎದುರುಬದುರಾಗಿ ಬಿಗಿಯುತ್ತಾ ಹೋಗಿ. ಕಾರು ಇಳಿಸಿ, ಟಾರ್ಕ್ ರೆಂಚಿನಿಂದ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಬಿಗಿಯಿರಿ. ಹೆಚ್ಚಿನ ಕಾರುಗಳಿಗೆ ಅದು 100ರಿಂದ 140 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ನಿಮ್ಮ ಕಾರಿನದು ಎಷ್ಟು ಎಂದು ಕೈಪಿಡಿಯೇ ಹೇಳಬೇಕು. ಸ್ಪ್ಯಾನರ್ ಮೇಲೆ ಹತ್ತಿ ನಿಂತು ಬಿಗಿಯುವ ನಮ್ಮ ಪದ್ಧತಿ ಇಲ್ಲಿ ಸಲ್ಲದು. ಅತಿಯಾಗಿ ಬಿಗಿದ ಬೋಲ್ಟು ಹಿಗ್ಗಿ ಬಲ ಕಳೆದುಕೊಳ್ಳುತ್ತದೆ, ಬ್ರೇಕ್ ಡಿಸ್ಕ್ ಸೊಟ್ಟಗಾಗಬಹುದು. ಟಾರ್ಕ್ ರೆಂಚ್ ಇಲ್ಲದವರು ಮನೆಯಲ್ಲಿ ಚಕ್ರ ಬದಲಿಸಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಹೊಸದಾಗಿ ಹಾಕಿದ ಚಕ್ರ ಓಡಿದ ಮೇಲೆ ತನ್ನ ಜಾಗದಲ್ಲಿ ಕೂರುತ್ತದೆ. 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಲೇಬೇಕು. ಗ್ಯಾರೇಜಿನಲ್ಲಿ ಹಾಕಿಸಿದವರಿಗೂ ಇದು ಅನ್ವಯ. ಬಿಲ್ಲಿನ ಮೇಲೆಯೋ ಸ್ಟಿಯರಿಂಗಿಗೆ ಕಟ್ಟಿದ ಚೀಟಿಯಲ್ಲೋ ಜರ್ಮನ್ ಭಾಷೆಯಲ್ಲಿ ಅದನ್ನು ಬರೆದಿರುತ್ತಾರೆ, ಓದಲು ಬಾರದವರು ಅದನ್ನು ಕಸದ ಬುಟ್ಟಿಗೆ ಹಾಕುತ್ತಾರೆ. ಎಷ್ಟೋ ಅಂಗಡಿಗಳು ಈ ಎರಡನೇ ಬಿಗಿತವನ್ನು ಎರಡೇ ನಿಮಿಷದಲ್ಲಿ ಮಾಡಿಕೊಡುತ್ತವೆ. ಈ ನಡುವೆ ಚಕ್ರದಿಂದ ಟಕ್ ಟಕ್ ಸದ್ದು ಬಂದರೆ, ಸ್ಟಿಯರಿಂಗ್ ನಡುಗಿದರೆ, ಮನೆಗೆ ಹೋಗಿ ನೋಡೋಣ ಎನ್ನಬೇಡಿ. ವೇಗ ಇಳಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ನೋಡಿ.

ಉಳಿದವು ಚಿಕ್ಕ ಸಂಗತಿಗಳು, ಮರೆತರೆ ಮಾತ್ರ ದೊಡ್ಡವು. ಟೈರಿನ ಪಕ್ಕೆಯಲ್ಲಿ ಬಾಣವಿದ್ದರೆ ಅದು ಕಾರು ಮುಂದೆ ಉರುಳುವ ದಿಕ್ಕನ್ನೇ ತೋರಿಸಬೇಕು. ಗಾಳಿಯನ್ನು ಟೈರು ತಣ್ಣಗಿರುವಾಗ ನೋಡಿ. ಉಷ್ಣಾಂಶ 10 ಡಿಗ್ರಿ ಇಳಿದರೆ ಒತ್ತಡ ಸುಮಾರು 0.1 ಬಾರ್ ಇಳಿಯುತ್ತದೆ, ಹಾಗಾಗಿ ಸೆಪ್ಟೆಂಬರ್‌ನಲ್ಲಿ ತುಂಬಿಸಿದ ಗಾಳಿ ಜನವರಿಗೆ ಸಾಲದು. 2014ರ ನವೆಂಬರ್‌ನಿಂದ ಯುರೋಪಿನ ಎಲ್ಲ ಹೊಸ ಕಾರುಗಳಲ್ಲೂ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಕಡ್ಡಾಯ. ಚಕ್ರ ಬದಲಿಸಿದ ಮೇಲೆ ಅದನ್ನು ಹೊಸದಾಗಿ ಹೊಂದಿಸಬೇಕು. ಚಳಿಗಾಲದ ಟೈರಿನ ವೇಗದ ಮಿತಿ ನಿಮ್ಮ ಕಾರಿನ ಗರಿಷ್ಠ ವೇಗಕ್ಕಿಂತ ಕಡಿಮೆಯಿದ್ದರೆ ಆ ಮಿತಿಯ ಚೀಟಿ ಚಾಲಕರ ಕಣ್ಣೆದುರಿಗೆ ಇರಬೇಕು. ವೇಗಮಿತಿಯಿಲ್ಲದ ಹೆದ್ದಾರಿಯ ದೇಶದಲ್ಲಿ ಆ ಚೀಟಿಗೆ ಬೆಲೆಯಿದೆ. ಬಿಚ್ಚಿದ ಬೇಸಿಗೆಯ ಚಕ್ರಗಳ ಮೇಲೆ ಸೀಮೆಸುಣ್ಣದಲ್ಲಿ ಮುಂದಿನ ಎಡ, ಹಿಂದಿನ ಬಲ ಎಂದು ಬರೆದಿಟ್ಟರೆ ಈಸ್ಟರ್‌ನಲ್ಲಿ ನಿಮಗೇ ಅನುಕೂಲ.

ಇನ್ನು ನೆಪಗಳು. ಹಿಮ ಬಿದ್ದ ದಿನ ಕಾರು ತೆಗೆಯುವುದಿಲ್ಲ ಎನ್ನುವವರಿದ್ದಾರೆ. ನಗರದ ನಡುವೆ ಮೆಟ್ರೋ ಪಕ್ಕದಲ್ಲಿ ಮನೆಯಿದ್ದರೆ ಒಪ್ಪೋಣ. ಆದರೆ ಬೆಳಿಗ್ಗೆ ಒಣ ರಸ್ತೆಯಲ್ಲಿ ಆಫೀಸಿಗೆ ಹೋದವರು ಸಂಜೆ ಹಿಮದಲ್ಲಿ ಹೇಗೆ ಬರುತ್ತಾರೆ? ಎಲ್ಲ ಋತುವಿಗೂ ಒಂದೇ ಟೈರು ಸಾಕು ಎಂಬ ಮಾತಿನಲ್ಲಿ ಹುರುಳಿದೆ. ಬೆಟ್ಟದ ಗುರುತಿದ್ದರೆ ಅದು ಕಾನೂನಿಗೆ ಸರಿ, ರೈನ್ ಬಯಲಿನಲ್ಲಿ ಕಡಿಮೆ ಓಡಿಸುವವರಿಗೆ ಸಾಕಾಗಬಹುದು. ಆಲ್ಪ್ಸ್ ಕಡೆ ಮನೆಯಿರುವವರು, ಚಳಿಗಾಲದ ರಜೆಗೆ ಬೆಟ್ಟ ಹತ್ತುವವರು ಅದನ್ನು ನಂಬಬಾರದು. ಎಂಜಿನ್ನಿನ ಶಕ್ತಿ ಮುಂದಿನ ಚಕ್ರಕ್ಕೆ, ಆದ್ದರಿಂದ ಮುಂದೆ ಮಾತ್ರ ಎರಡು ಟೈರು ಹಾಕಿಸುತ್ತೇನೆ ಎನ್ನುವುದು ಎಲ್ಲಕ್ಕಿಂತ ಕೆಟ್ಟ ಉಳಿತಾಯ. ಮುಂದಿನವು ಹಿಡಿದು ನಿಂತಾಗ ಹಿಂದಿನವು ಜಾರಿ ಕಾರು ತಿರುಗಿ ನಿಲ್ಲುತ್ತದೆ. ಹಾಕಿದರೆ ನಾಲ್ಕೂ ಹಾಕಿ.

ದುಡ್ಡಿನ ಲೆಕ್ಕವೂ ಹೆದರುವಷ್ಟಿಲ್ಲ. ಚಳಿಗಾಲದ ಜೊತೆ ಓಡುವಾಗ ಬೇಸಿಗೆಯದು ಸವೆಯದೆ ಮಲಗಿರುತ್ತದೆ, ಎರಡೂ ಹೆಚ್ಚು ವರ್ಷ ಬಾಳುತ್ತವೆ. ನಿಜವಾದ ಹೆಚ್ಚುವರಿ ಖರ್ಚು ರಿಮ್ಮಿನದು, ಇಟ್ಟುಕೊಳ್ಳುವ ಜಾಗದ್ದು. ಇನ್ನೊಂದು ತಟ್ಟೆಯಲ್ಲಿ ವಿಮೆಯಿದೆ. ಬೇಸಿಗೆಯ ಟೈರಿನಲ್ಲಿ ಹಿಮಕ್ಕೆ ಇಳಿದು ಗುದ್ದಿದರೆ ಎದುರಿನವರ ನಷ್ಟವನ್ನು ವಿಮಾ ಕಂಪನಿ ತುಂಬಿಕೊಡುತ್ತದೆ. ನಿಮ್ಮ ಕಾರಿನ ನಷ್ಟಕ್ಕೆ ಬಂದಾಗ ಘೋರ ನಿರ್ಲಕ್ಷ್ಯ ಎಂದು ಹಣ ಕಡಿತ ಮಾಡಬಹುದು.

ಹೊಣೆ ಚಾಲಕರೊಬ್ಬರದೇ ಅಲ್ಲ. ಇಂಜಿನಿಯರುಗಳನ್ನು ಬೆಂಗಳೂರಿನಿಂದ ಕರೆಸಿಕೊಳ್ಳುವ ಕಂಪನಿಗಳು ವೀಸಾ, ಮನೆ, ಬ್ಯಾಂಕ್ ಖಾತೆಯ ಬಗ್ಗೆ ಪುಟಗಟ್ಟಲೆ ಮಾಹಿತಿ ಕೊಡುತ್ತವೆ. ಅದರಲ್ಲಿ ಚಳಿಗಾಲದ ಟೈರಿಗೆ ಒಂದು ಪುಟ ಇರಲಿ. ಬಾಡಿಗೆ ಕಾರು ಪಡೆಯುವವರು ಚಳಿಗಾಲದ ಟೈರು ಇದೆಯೇ ಎಂದು ಬುಕ್ ಮಾಡುವಾಗಲೇ ಕೇಳಬೇಕು. ಪೊಲೀಸರು ಹಿಡಿದರೆ ದಂಡ ಕಟ್ಟುವುದು ಸ್ಟಿಯರಿಂಗ್ ಹಿಡಿದವರು. ಕನ್ನಡ ಕೂಟಗಳಿಗೆ ನಮ್ಮ ವಿನಂತಿ ವಿಶೇಷವಾದದ್ದು. ರಾಜ್ಯೋತ್ಸವದ ಆಹ್ವಾನ ಪತ್ರ ಹೇಗೂ ಅಕ್ಟೋಬರ್‌ನಲ್ಲಿ ಮನೆಮನೆ ಮುಟ್ಟುತ್ತದೆ. ಅದರ ಕೆಳಗೆ ಟೈರಿನ ಬಗ್ಗೆ ಎರಡು ಸಾಲು ಸೇರಿಸಿ. ಕೂಟದ ಹೆಸರಿನಲ್ಲಿ ಒಂದು ಒಳ್ಳೆಯ ಟಾರ್ಕ್ ರೆಂಚ್ ಕೊಂಡಿಡಿ. ನಾಲ್ಕು ಚಳಿಗಾಲ ಕಂಡ ಹಿರಿಯರು ಹೊಸದಾಗಿ ಬಂದ ಕುಟುಂಬಗಳನ್ನು ಅಕ್ಟೋಬರ್‌ನ ಒಂದು ಶನಿವಾರ ಸೇರಿಸಿ ಕೆಲಸ ತೋರಿಸಿಕೊಟ್ಟರೆ ಅದೂ ಕನ್ನಡದ ಕೆಲಸವೇ.

ಊರಿನಲ್ಲಿದ್ದು ಇದನ್ನು ಓದುತ್ತಿರುವ ತಂದೆತಾಯಿಯರಿಗೂ ಒಂದು ಮಾತು. ಭಾನುವಾರದ ವಿಡಿಯೋ ಕರೆಯಲ್ಲಿ ಊಟ ಆಯಿತಾ, ಸ್ವೆಟರ್ ಹಾಕಿಕೊಂಡೆಯಾ ಎಂದು ಹೇಗೂ ಕೇಳುತ್ತೀರಿ. ಈ ವಾರ ಕಾರಿಗೆ ಚಳಿಗಾಲದ ಟೈರು ಹಾಕಿಸಿದೆಯಾ ಎಂದೂ ಕೇಳಿ. ಇನ್ನೂ ಇಲ್ಲ ಎಂದರೆ, ಅಂಗಡಿಯಲ್ಲಿ ದಿನ ಗೊತ್ತುಮಾಡುವುದಾಗಿ ಮಾತು ತೆಗೆದುಕೊಂಡೇ ಫೋನ್ ಇಡಿ.